ಒಡೆಯನೇ ಗೇಣಿ ಕೊಡಬೇಕೆಂದ ಥಾಮಸ್ ಪೇನ್

ಸಾರ್ವತ್ರಿಕ ಮೂಲ ಆದಾಯದ ಚರ್ಚೆ ನಮ್ಮಲ್ಲಿ ಕೆಲವು ವರ್ಷಗಳಿಗೊಮ್ಮೆ ತಲೆಯೆತ್ತುತ್ತದೆ, ಸ್ವಲ್ಪ ದಿನಗಳಲ್ಲೇ ತಣ್ಣಗಾಗುತ್ತದೆ. 2016-17ರ ಆರ್ಥಿಕ ಸಮೀಕ್ಷೆ ಅದಕ್ಕೆ ಒಂದು ಇಡೀ ಅಧ್ಯಾಯವನ್ನೇ ಮೀಸಲಿಟ್ಟಿತು. ತಲಾ ವರ್ಷಕ್ಕೆ 7,620 ರೂಪಾಯಿಯಂತೆ ಜನಸಂಖ್ಯೆಯ ಮುಕ್ಕಾಲು ಪಾಲಿಗೆ ಕೊಟ್ಟರೆ ರಾಷ್ಟ್ರೀಯ ಉತ್ಪನ್ನದ ಶೇ 4.9ರಷ್ಟು ವೆಚ್ಚವಾದೀತೆಂದು ಲೆಕ್ಕ ಹಾಕಿತು. 2019ರ ಆರಂಭದಲ್ಲಿ ಸಿಕ್ಕಿಂನ ಅಂದಿನ ಆಡಳಿತ ಪಕ್ಷ 2022ರೊಳಗೆ ಇದನ್ನು ಜಾರಿಗೆ ತರುವುದಾಗಿ ಘೋಷಿಸಿತು. ಅದೇ ವರ್ಷದ ಚುನಾವಣೆಯಲ್ಲಿ ಸೋತಿತು, ಮಾತು ಅಲ್ಲಿಗೇ ನಿಂತಿತು. 2023ರ ಆಗಸ್ಟ್‌ನಲ್ಲಿ ಕರ್ನಾಟಕದಲ್ಲಿ ಗೃಹಲಕ್ಷ್ಮಿ ಯೋಜನೆ ಆರಂಭವಾಗಿ ಕುಟುಂಬದ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಸಲ್ಲತೊಡಗಿದಾಗ ಚರ್ಚೆಗೆ ಮತ್ತೆ ಜೀವ ಬಂತು. ಪ್ರತಿ ಬಾರಿಯೂ ಕೇಳಿಬರುವ ಪ್ರಶ್ನೆಗಳು ಎರಡೇ. ಹಣ ಎಲ್ಲಿಂದ ತರುವುದು? ಪುಕ್ಕಟೆ ಹಣ ಜನರನ್ನು ಸೋಮಾರಿಗಳನ್ನಾಗಿ ಮಾಡುವುದಿಲ್ಲವೇ? ಇವೆರಡಕ್ಕೂ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಹಾಗೆ ಕೊಡುವ ಹಣ ಮೂಲತಃ ಯಾರದು?

ಈ ಪ್ರಶ್ನೆಯನ್ನು ಕೇಳಿ, ಉತ್ತರವನ್ನೂ ಕೊಟ್ಟು, ಅದಕ್ಕೆ ತಕ್ಕ ಆಯವ್ಯಯದ ಲೆಕ್ಕವನ್ನೂ ಒದಗಿಸಿದವರಲ್ಲಿ ಮೊದಲಿಗನೆನ್ನಬಹುದಾದ ವ್ಯಕ್ತಿ ಅರ್ಥಶಾಸ್ತ್ರಜ್ಞನಾಗಿರಲಿಲ್ಲ. ಎರಡು ಬಾರಿ ಕೆಲಸದಿಂದ ವಜಾಗೊಂಡ ಅಬಕಾರಿ ಇಲಾಖೆಯ ಕೆಳದರ್ಜೆಯ ಅಧಿಕಾರಿ ಆತ. ಹೆಸರು ಥಾಮಸ್ ಪೇನ್. ಅಮೆರಿಕದ ಸ್ವಾತಂತ್ರ್ಯ ಸಮರದ ಲೇಖಕನೆಂದು ಶಾಲಾ ಪಠ್ಯಪುಸ್ತಕಗಳ ಮೂಲಕ ಆತನನ್ನು ಬಲ್ಲ ನಮ್ಮ ಓದುಗರಲ್ಲಿ ಹಲವರಿಗೆ 1797ರಲ್ಲಿ ಆತ ಪ್ರಕಟಿಸಿದ ‘ಅಗ್ರೇರಿಯನ್ ಜಸ್ಟಿಸ್’ ಎಂಬ ಕಿರುಹೊತ್ತಗೆಯ ಪರಿಚಯ ಇರಲಿಕ್ಕಿಲ್ಲ. ಕೃಷಿ ನ್ಯಾಯ ಎಂದು ಅದನ್ನು ಕನ್ನಡಿಸಬಹುದು. ನೆಲದ ನ್ಯಾಯ ಎಂದರೆ ಅರ್ಥಕ್ಕೆ ಇನ್ನೂ ಹತ್ತಿರವಾದೀತು.

ಪೇನ್ ಹುಟ್ಟಿದ್ದು 1737ರಲ್ಲಿ, ಇಂಗ್ಲೆಂಡಿನ ನಾರ್‌ಫೋಕ್ ಪ್ರಾಂತದ ಥೆಟ್‌ಫೋರ್ಡ್ ಎಂಬ ಸಣ್ಣ ಪಟ್ಟಣದಲ್ಲಿ. ತಂದೆ ಕ್ವೇಕರ್ ಪಂಥದವನು, ಹೆಂಗಸರು ಮೈಗೆ ಬಿಗಿದುಕೊಳ್ಳುತ್ತಿದ್ದ ಒಳಕವಚಗಳನ್ನು ಹೊಲಿಯುವ ಕಸುಬುದಾರ. ತಾಯಿ ವಕೀಲನೊಬ್ಬನ ಮಗಳು, ಆಂಗ್ಲಿಕನ್ ಚರ್ಚಿನವಳು. ಹನ್ನೆರಡು-ಹದಿಮೂರರ ಪ್ರಾಯದಲ್ಲಿ ಶಾಲೆ ಬಿಟ್ಟ ಹುಡುಗ ತಂದೆಯ ಕಸುಬಿಗೇ ಕೂತ. ನಡುವೆ ಕೆಲಕಾಲ ಖಾಸಗಿ ಯುದ್ಧನೌಕೆಯೊಂದರಲ್ಲಿ ಸಮುದ್ರಕ್ಕೂ ಹೋಗಿ ಬಂದ. 1759ರಲ್ಲಿ ಮದುವೆಯಾದ, ಮರುವರ್ಷವೇ ಹೆಂಡತಿ ತೀರಿಕೊಂಡಳು. ಕಸುಬು ಕೈಹಿಡಿಯಲಿಲ್ಲ. ಕೊನೆಗೆ ಸರ್ಕಾರಿ ನೌಕರಿಯ ಆಸೆಯಿಂದ ಅಬಕಾರಿ ಇಲಾಖೆಗೆ ಸೇರಿದ.

ಅಂದಿನ ಅಬಕಾರಿ ಅಧಿಕಾರಿಯ ಕೆಲಸ ಸುಖದ್ದಾಗಿರಲಿಲ್ಲ. ಕುದುರೆಯೇರಿ ಊರೂರು ಸುತ್ತಿ ಮದ್ಯ, ಚಹಾ, ತಂಬಾಕು ಮುಂತಾದ ಸುಂಕಬದ್ಧ ಸರಕುಗಳ ದಾಸ್ತಾನನ್ನು ಅಳೆದು ಪುಸ್ತಕಕ್ಕೆ ಏರಿಸಬೇಕು. ಕಳ್ಳಸಾಗಣೆದಾರರ ದ್ವೇಷ ಕಟ್ಟಿಕೊಳ್ಳಬೇಕು. ವ್ಯಾಪಾರಿಗಳ ಬೈಗುಳ ಕೇಳಬೇಕು. 1765ರಲ್ಲಿ ಪೇನ್ ಮೊದಲ ಬಾರಿ ವಜಾಗೊಂಡ. ಸರಕನ್ನು ಖುದ್ದಾಗಿ ನೋಡದೆಯೇ ನೋಡಿದೆನೆಂದು ದಾಖಲಿಸಿದ್ದು ಅಪರಾಧ. ಸ್ಥಳಕ್ಕೆ ಹೋಗದೆ ಕಚೇರಿಯಲ್ಲೇ ಕೂತು ಮಹಜರು ಬರೆಯುವ ಪದ್ಧತಿ ನಮ್ಮ ತಾಲ್ಲೂಕು ಕಚೇರಿಗಳ ಆವಿಷ್ಕಾರವೆಂದು ತಿಳಿದವರು ಗಮನಿಸಬೇಕು. ಕ್ಷಮೆ ಕೋರಿ ಬರೆದುಕೊಂಡ ಮೇಲೆ ಮರುನೇಮಕವೇನೋ ಸಿಕ್ಕಿತು. 1768ರಲ್ಲಿ ಸಸೆಕ್ಸ್ ಪ್ರಾಂತದ ಲೂಯಿಸ್ ಪಟ್ಟಣಕ್ಕೆ ಬಂದ. ಅಲ್ಲಿ ತಂಬಾಕು ವ್ಯಾಪಾರಿಯೊಬ್ಬನ ಮನೆಯಲ್ಲಿ ಬಾಡಿಗೆಗಿದ್ದು, ಆತ ತೀರಿಕೊಂಡ ಮೇಲೆ ಮಗಳನ್ನು ಮದುವೆಯಾಗಿ ಅಂಗಡಿಯನ್ನೂ ನಡೆಸತೊಡಗಿದ.

ಆತನ ಮೊದಲ ಮುಖ್ಯ ಬರಹ ರಾಜ ಮಹಾರಾಜರ ವಿರುದ್ಧದ್ದಲ್ಲ, ಸಂಬಳದ ಬೇಡಿಕೆಯದು. 1772ರಲ್ಲಿ ಅಬಕಾರಿ ನೌಕರರ ಪರವಾಗಿ ಪಾರ್ಲಿಮೆಂಟಿಗೆ ಮನವಿ ಬರೆದ. ವರ್ಷಕ್ಕೆ 50 ಪೌಂಡ್ ಸಂಬಳವೆಂದು ಕಾಗದದಲ್ಲಿದ್ದರೂ ತೆರಿಗೆ, ಕುದುರೆಯ ಮೇವು ಇತ್ಯಾದಿ ಕಳೆದರೆ ಕೈಗೆ ಉಳಿಯುವುದು 32 ಪೌಂಡ್ ಮಾತ್ರವೆಂದು ಅಂಕಿಗಳಲ್ಲಿ ತೋರಿಸಿದ. ಬಡತನದಲ್ಲಿಟ್ಟ ನೌಕರನಿಂದ ಪ್ರಾಮಾಣಿಕತೆಯನ್ನು ನಿರೀಕ್ಷಿಸುವುದು ಖಜಾನೆಗೇ ದುಬಾರಿ ಎಂಬುದು ವಾದದ ಸಾರ. ನಾಲ್ಕು ಸಾವಿರ ಪ್ರತಿಗಳು ಅಚ್ಚಾದವು. ಒಂದು ಚಳಿಗಾಲವಿಡೀ ಪೇನ್ ಲಂಡನ್ನಿನಲ್ಲಿದ್ದು ಸಂಸದರ ಮನೆಬಾಗಿಲು ತಿರುಗಿದ. ವೇತನ ಆಯೋಗಗಳ ವರದಿಗಳನ್ನು ಓದಿ ಅಭ್ಯಾಸವಿರುವ ನನ್ನಂಥವರಿಗೆ ಈ ಮನವಿ ಇಂದಿಗೂ ಹಳತೆನಿಸುವುದಿಲ್ಲ. ಪಾರ್ಲಿಮೆಂಟು ಅದನ್ನು ಕಣ್ಣೆತ್ತಿ ನೋಡಲಿಲ್ಲ. ಅನುಮತಿಯಿಲ್ಲದೆ ಗೈರುಹಾಜರಾದ ಕಾರಣಕ್ಕೆ 1774ರ ಏಪ್ರಿಲ್‌ನಲ್ಲಿ ಎರಡನೆಯ ಬಾರಿ ವಜಾ ಆಯಿತು. ಸಾಲಕ್ಕೆ ಅಂಗಡಿಯ ಸಾಮಾನು ಹರಾಜಾಯಿತು. ಅದೇ ಬೇಸಿಗೆಯಲ್ಲಿ ಹೆಂಡತಿಯೂ ಬೇರೆಯಾದಳು. ಮೂವತ್ತೇಳರ ವಯಸ್ಸಿನಲ್ಲಿ ಕೈಯಲ್ಲಿ ಉಳಿದದ್ದು ಬೆಂಜಮಿನ್ ಫ್ರಾಂಕ್ಲಿನ್ ಬರೆದುಕೊಟ್ಟ ಒಂದು ಪರಿಚಯ ಪತ್ರ. ಅದನ್ನು ಹಿಡಿದು 1774ರ ನವೆಂಬರ್ ಕೊನೆಯಲ್ಲಿ, ಜ್ವರದಿಂದ ಎದ್ದು ನಿಲ್ಲಲಾಗದ ಸ್ಥಿತಿಯಲ್ಲಿ, ಫಿಲಡೆಲ್ಫಿಯಾದಲ್ಲಿ ಹಡಗಿನಿಂದ ಇಳಿದ.

ಮುಂದಿನ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು, ಬೇಗ ಹೇಳಿ ಮುಗಿಸಬಹುದು. ಫಿಲಡೆಲ್ಫಿಯಾದ ಮಾಸಪತ್ರಿಕೆಯೊಂದರ ಸಂಪಾದಕನಾದ. ಆ ಪತ್ರಿಕೆಯಲ್ಲಿ 1775ರಲ್ಲಿ ಬಂದ, ಆತನದೆಂದು ಸಾಮಾನ್ಯವಾಗಿ ಒಪ್ಪಲಾದ ಒಂದು ಲೇಖನ ಆಗಷ್ಟೇ ತೀರಿಕೊಂಡಿದ್ದ ರಾಬರ್ಟ್ ಕ್ಲೈವ್‌ನ ಕುರಿತದ್ದು. ಭಾರತದ ಲೂಟಿಯಿಂದ ಬಂದ ಸಂಪತ್ತನ್ನು ಅದು ಕಟುವಾಗಿ ಖಂಡಿಸುತ್ತದೆ. 1776ರ ಜನವರಿಯಲ್ಲಿ ‘ಕಾಮನ್ ಸೆನ್ಸ್’ ಹೊರಬಂತು. ವಸಾಹತುಗಳು ಬ್ರಿಟನ್ನಿನಿಂದ ಪೂರ್ತಿ ಬಿಡುಗಡೆ ಹೊಂದಬೇಕೆಂಬ ಮಾತನ್ನು ಬಡಗಿಗೂ ಕಮ್ಮಾರನಿಗೂ ಅರ್ಥವಾಗುವ ಇಂಗ್ಲಿಷಿನಲ್ಲಿ ಆತ ಹೇಳಿದ. ಅದರಿಂದ ತನ್ನ ಪಾಲಿಗೆ ಬರಬೇಕಾದ ಹಣವನ್ನು ಸೈನಿಕರ ಕೈಗವಸುಗಳಿಗೆಂದು ಬಿಟ್ಟುಕೊಟ್ಟ. ಅದೇ ಡಿಸೆಂಬರಿನಲ್ಲಿ ಸೋತು ಹಿಮ್ಮೆಟ್ಟುತ್ತಿದ್ದ ಸೇನೆಯ ಜೊತೆಯಲ್ಲಿದ್ದು ಬರೆದ ‘ಕ್ರೈಸಿಸ್’ ಮಾಲಿಕೆಯ ಮೊದಲ ಕಂತು ವಾಷಿಂಗ್ಟನ್ನನ ಪಡೆಗೆ ಧೈರ್ಯ ತುಂಬಿತು. ಯುದ್ಧ ಗೆದ್ದ ಮೇಲೆ ನ್ಯೂಯಾರ್ಕ್ ರಾಜ್ಯ ಆತನಿಗೆ ನ್ಯೂ ರೊಶೆಲ್ ಎಂಬಲ್ಲಿ ಒಂದು ಜಮೀನು ಕೊಟ್ಟಿತು. ಬ್ರಿಟಿಷ್ ಪಕ್ಷಪಾತಿಯೊಬ್ಬನಿಂದ ಮುಟ್ಟುಗೋಲು ಹಾಕಿಕೊಂಡ ಜಮೀನದು. ಹೀಗೆ ಪೇನ್ ಭೂಮಾಲೀಕನಾದ.

1787ರಲ್ಲಿ, ತಾನು ವಿನ್ಯಾಸಗೊಳಿಸಿದ ಕಬ್ಬಿಣದ ಸೇತುವೆಯೊಂದಕ್ಕೆ ಬೆಂಬಲ ಹುಡುಕುತ್ತ ಯೂರೋಪಿಗೆ ಮರಳಿದವನನ್ನು ಫ್ರೆಂಚ್ ಕ್ರಾಂತಿ ಸೆಳೆದುಕೊಂಡಿತು. ‘ರೈಟ್ಸ್ ಆಫ್ ಮ್ಯಾನ್’ ಗ್ರಂಥದ ಮೊದಲ ಭಾಗ 1791ರಲ್ಲಿ, ಎರಡನೆಯ ಭಾಗ 1792ರಲ್ಲಿ ಬಂದವು. ರಾಜತ್ವದ ಖಂಡನೆಗಾಗಿ ಹೆಸರಾದ ಈ ಗ್ರಂಥದ ಎರಡನೆಯ ಭಾಗದಲ್ಲಿ ಒಂದು ದೀರ್ಘ ಅಧ್ಯಾಯ ಬಹುಪಾಲು ಬಜೆಟ್ಟೇ ಆಗಿದೆ. ಬಡ ಕುಟುಂಬಗಳಲ್ಲಿ ಹದಿನಾಲ್ಕು ವರ್ಷದೊಳಗಿನ ಪ್ರತಿ ಮಗುವಿಗೆ ವರ್ಷಕ್ಕೆ 4 ಪೌಂಡ್, ಅದನ್ನು ಶಾಲೆಗೆ ಕಳಿಸಬೇಕೆಂಬ ಷರತ್ತು. ಐವತ್ತು ದಾಟಿದ ಬಡವರಿಗೆ ವರ್ಷಕ್ಕೆ 6 ಪೌಂಡ್, ಅರವತ್ತರ ನಂತರ 10 ಪೌಂಡ್. ಹೆರಿಗೆಗೆ, ಮದುವೆಗೆ ಇಪ್ಪತ್ತು ಶಿಲ್ಲಿಂಗ್. ದೊಡ್ಡ ಜಮೀನ್ದಾರಿಗಳ ಮೇಲೆ ಏರುತ್ತ ಹೋಗುವ ತೆರಿಗೆ. ಇದು ದಾನವಲ್ಲ, ಜೀವನಪೂರ್ತಿ ಉಪ್ಪಿಗೂ ಬಿಯರಿಗೂ ಸುಂಕ ಕಟ್ಟಿದವನಿಗೆ ಸಲ್ಲಬೇಕಾದ ಹಕ್ಕು ಎಂಬ ವಾದ ಇಲ್ಲೇ ಮೊದಲು ಕಾಣಿಸಿಕೊಳ್ಳುತ್ತದೆ. ಅಬಕಾರಿ ನೌಕರನಾಗಿದ್ದವನಿಗೆ ಸುಂಕದ ಭಾರ ಯಾರ ಬೆನ್ನ ಮೇಲೆ ಬೀಳುತ್ತದೆಂಬುದು ಚೆನ್ನಾಗಿ ಗೊತ್ತಿತ್ತು. ಭಾರತದಲ್ಲೂ ಬಡವರು ತೆರಿಗೆ ಕಟ್ಟುವುದಿಲ್ಲವೆಂದು ಆದಾಯ ತೆರಿಗೆಯ ಲೆಕ್ಕವೊಂದನ್ನೇ ಮುಂದಿಟ್ಟು ಹೇಳುವವರಿದ್ದಾರೆ. ಸಾಬೂನಿನ ಮೇಲಿನ ಜಿಎಸ್‌ಟಿ ಅವರ ಲೆಕ್ಕಕ್ಕೆ ಬರುವುದಿಲ್ಲ.

ಬ್ರಿಟಿಷ್ ಸರ್ಕಾರ ರಾಜದ್ರೋಹದ ಬರಹವೆಂದು ಮೊಕದ್ದಮೆ ಹೂಡಿತು. ಅಷ್ಟರಲ್ಲಿ ಪೇನ್ ಫ್ರಾನ್ಸಿನ ಕನ್ವೆನ್ಷನ್‌ಗೆ ಆಯ್ಕೆಯಾಗಿ ಕಡಲು ದಾಟಿದ್ದ. 1792ರ ಡಿಸೆಂಬರಿನಲ್ಲಿ ಲಂಡನ್ನಿನ ನ್ಯಾಯಾಲಯ ಆತನ ಗೈರುಹಾಜರಿಯಲ್ಲೇ ಅಪರಾಧಿಯೆಂದು ಸಾರಿತು. ಪ್ಯಾರಿಸಿನಲ್ಲೂ ಆತನಿಗೆ ನೆಮ್ಮದಿಯಿರಲಿಲ್ಲ. ರಾಜತ್ವ ಬೇಡವೆಂದು ಬರೆದವನೇ ಹದಿನಾರನೆಯ ಲೂಯಿಯ ಪ್ರಾಣ ತೆಗೆಯುವುದು ಬೇಡವೆಂದು ವಾದಿಸಿದ. ಫ್ರೆಂಚ್ ಬಾರದ್ದರಿಂದ ಆತನ ಮಾತನ್ನು ಇನ್ನೊಬ್ಬರು ಅನುವಾದಿಸಿ ಓದಬೇಕಾಯಿತು. 1793ರ ಡಿಸೆಂಬರ್ ಕೊನೆಯಲ್ಲಿ ಬಂಧಿಸಿ ಲಕ್ಸೆಂಬರ್ಗ್ ಸೆರೆಮನೆಗೆ ಹಾಕಿದರು. ಮರಣದಂಡನೆಗೆ ಒಯ್ಯಬೇಕಾದವರ ಕೋಣೆಯ ಬಾಗಿಲಿಗೆ ಸೀಮೆಸುಣ್ಣದಿಂದ ಗುರುತು ಹಾಕುವ ಪದ್ಧತಿಯಿತ್ತು. ಆತನ ಬಾಗಿಲು ಹೊರಕ್ಕೆ ಪೂರ್ತಿ ತೆರೆದಿದ್ದಾಗ ಹಾಕಿದ ಗುರುತು, ರಾತ್ರಿ ಬಾಗಿಲು ಮುಚ್ಚಿದಾಗ ಒಳಬದಿಗೆ ಬಂತೆಂದೂ ಹಾಗಾಗಿ ತಾನು ಉಳಿದೆನೆಂದೂ ಪೇನ್ ಮುಂದೆ ಬರೆದುಕೊಂಡಿದ್ದಾನೆ. ಹತ್ತು ತಿಂಗಳ ಮೇಲೆ, ಅಮೆರಿಕದ ರಾಯಭಾರಿ ಜೇಮ್ಸ್ ಮನ್ರೋನ ಪ್ರಯತ್ನದಿಂದ, ರೋಗಿಷ್ಠನಾಗಿ ಹೊರಬಂದ.

‘ಅಗ್ರೇರಿಯನ್ ಜಸ್ಟಿಸ್’ ಬರೆದದ್ದು ಆ ಅನಾರೋಗ್ಯದ ನಡುವೆ, 1795-96ರ ಚಳಿಗಾಲದಲ್ಲಿ. ಫ್ರಾನ್ಸಿನ ಹೊಸ ಸಂವಿಧಾನ ಮತದಾನದ ಹಕ್ಕನ್ನು ತೆರಿಗೆ ಕಟ್ಟುವವರಿಗೆ ಸೀಮಿತಗೊಳಿಸಿತ್ತು. ಇತ್ತ ಬಬೂಫ್ ಎಂಬ ಕ್ರಾಂತಿಕಾರಿ ಖಾಸಗಿ ಆಸ್ತಿಯನ್ನೇ ರದ್ದುಗೊಳಿಸಲು ಸಂಚು ನಡೆಸಿ ಸಿಕ್ಕಿಬಿದ್ದಿದ್ದ. ಅತ್ತ ಇಂಗ್ಲೆಂಡಿನಲ್ಲಿ ಬಿಷಪ್ ವಾಟ್ಸನ್ ಎಂಬವರು, ಬಡವರನ್ನೂ ಶ್ರೀಮಂತರನ್ನೂ ಸೃಷ್ಟಿಸಿದ್ದು ದೇವರ ವಿವೇಕವೆಂಬ ಅರ್ಥದ ಪ್ರವಚನವನ್ನು ಅಚ್ಚು ಹಾಕಿಸಿದ್ದರು. ಇದನ್ನು ಕಂಡು ರೇಗಿದ ಪೇನ್ ಪೆಟ್ಟಿಗೆಯಲ್ಲಿದ್ದ ಹಸ್ತಪ್ರತಿಯನ್ನು 1797ರಲ್ಲಿ ಪ್ರಕಟಣೆಗೆ ಕೊಟ್ಟ. ದೇವರು ಸೃಷ್ಟಿಸಿದ್ದು ಗಂಡು ಹೆಣ್ಣನ್ನು ಮಾತ್ರ, ಕೊಟ್ಟದ್ದು ಭೂಮಿಯನ್ನು ಎಂಬುದು ಬಿಷಪ್‌ಗೆ ಆತನ ಉತ್ತರ.

ವಾದದ ಸರಣಿ ಹೀಗಿದೆ. ಉಳುಮೆಗೆ ಮುನ್ನ ಭೂಮಿ ಮನುಕುಲದ ಸಾಮಾನ್ಯ ಸ್ವತ್ತಾಗಿತ್ತು. ಅದು ಹಾಗೆಯೇ ಉಳಿದಿದ್ದರೆ ಪ್ರತಿಯೊಬ್ಬನೂ ಹುಟ್ಟುತ್ತಲೇ ಅದರಲ್ಲಿ ಪಾಲುದಾರನಾಗಿರುತ್ತಿದ್ದ. ಉಳುಮೆಯಿಂದ ಇಳುವರಿ ಹತ್ತು ಪಟ್ಟು ಹೆಚ್ಚಿತು, ಅದು ನಾಗರಿಕತೆಯ ದೊಡ್ಡ ಲಾಭ; ಆದರೆ ಉಳುವವನ ಶ್ರಮವನ್ನು ನೆಲದಿಂದ ಬೇರ್ಪಡಿಸಲಾಗದ್ದರಿಂದ ನೆಲವೂ ಅವನದೇ ಎಂಬ ವ್ಯವಸ್ಥೆ ಬೆಳೆಯಿತು. ನ್ಯಾಯವಾಗಿ ಒಡೆಯನಿಗೆ ಸಲ್ಲಬೇಕಾದದ್ದು ತಾನು ಕೂಡಿಸಿದ ಸುಧಾರಣೆಯ ಮೌಲ್ಯ ಮಾತ್ರ, ನೆಲದ ಮೌಲ್ಯವಲ್ಲ. ಆದುದರಿಂದ ಪ್ರತಿಯೊಬ್ಬ ಭೂಮಾಲೀಕ ತಾನು ಹಿಡಿದಿರುವ ನೆಲಕ್ಕಾಗಿ ಸಮುದಾಯಕ್ಕೆ ಬಾಡಿಗೆ ತೆರಬೇಕು. ಈ ಬಾಡಿಗೆಗೆ ಕನ್ನಡದಲ್ಲಿ ಗೇಣಿ ಎಂಬ ತಕ್ಕ ಪದವೇ ಇದೆ. ತಲೆತಲಾಂತರದಿಂದ ನಮ್ಮಲ್ಲಿ ಉಳುವವನು ಒಡೆಯನ ಮನೆಗೆ ಹೊತ್ತುಹಾಕಿದ ಗೇಣಿಯನ್ನು ಒಡೆಯನೇ ಊರಿಗೆ ಅಳೆದುಕೊಡಬೇಕೆಂದಂತಾಯಿತು.

ಬಬೂಫ್‌ನಂತೆ ಆಸ್ತಿಯನ್ನು ಕಿತ್ತುಕೊಳ್ಳುವುದಾಗಲಿ, ನೆಲವನ್ನು ಸಮನಾಗಿ ಹಂಚುವುದಾಗಲಿ ಆತನಿಗೆ ಬೇಡವಾಗಿತ್ತು. ಹಂಚಿದ ನೆಲ ಮುಂದಿನ ತಲೆಮಾರಿಗೆ ಮತ್ತೆ ಅಸಮವಾಗುತ್ತದೆ. ಆತ ಆರಿಸಿಕೊಂಡ ಮಾರ್ಗ, ಒಡೆಯ ಸತ್ತು ಆಸ್ತಿ ವಾರಸುದಾರರಿಗೆ ದಾಟುವ ಹೊತ್ತಿನಲ್ಲಿ ಒಂದು ಪಾಲನ್ನು ರಾಷ್ಟ್ರೀಯ ನಿಧಿಗೆ ಪಡೆಯುವುದು. ಕೊಡುವವನಿಗೆ ಆಗ ನೋವು ಕಡಿಮೆ. ಪಡೆಯುವವನ ಶ್ರಮ ಅದರಲ್ಲಿ ಇಲ್ಲವೇ ಇಲ್ಲ. ಇಂಗ್ಲೆಂಡಿನ ಒಟ್ಟು ಸಂಪತ್ತು 130 ಕೋಟಿ ಪೌಂಡ್, ಅದರ ಮೂವತ್ತನೆಯ ಒಂದು ಭಾಗ ಪ್ರತಿ ವರ್ಷ ಕೈ ಬದಲಾಯಿಸುತ್ತದೆ ಎಂದು ಆತನ ಅಂದಾಜು. ನೇರ ವಾರಸುದಾರರಿಂದ ಶೇ 10, ದೂರದ ಸಂಬಂಧಿಕರಿಂದ ಅಥವಾ ಹೊರಗಿನವರಿಂದ ಸರಾಸರಿ ಇನ್ನೂ ಶೇ 10 ಹೆಚ್ಚು. ವರ್ಷಕ್ಕೆ ಸುಮಾರು 56 ಲಕ್ಷ 66 ಸಾವಿರ ಪೌಂಡ್ ಕೂಡುತ್ತದೆ. ಇಪ್ಪತ್ತೊಂದು ತುಂಬಿದ ಪ್ರತಿಯೊಬ್ಬರಿಗೆ ಒಂದು ಬಾರಿ 15 ಪೌಂಡ್. ಐವತ್ತು ತುಂಬಿದವರಿಗೆ ಜೀವಮಾನಪರ್ಯಂತ ವರ್ಷಕ್ಕೆ 10 ಪೌಂಡ್. ಐವತ್ತು ದಾಟಿದವರು ನಾಲ್ಕು ಲಕ್ಷ ಎಂದರೆ 40 ಲಕ್ಷ ಪೌಂಡ್; ವರ್ಷಕ್ಕೆ ಇಪ್ಪತ್ತೊಂದು ತುಂಬುವವರು ಒಂದು ಲಕ್ಷ ಎಂದರೆ 15 ಲಕ್ಷ ಪೌಂಡ್. ಉಳಿಕೆ ಹಣ ಕುರುಡರಿಗೂ ಕುಂಟರಿಗೂ. ಹೊಸದಾಗಿ ಸಂಸಾರ ಹೂಡುವ ಗಂಡು ಹೆಣ್ಣು ತಲಾ 15 ಪೌಂಡಿನಿಂದ ಒಂದು ಹಸು, ಒಂದಿಷ್ಟು ಸಲಕರಣೆ ಕೊಂಡು ಬದುಕು ಆರಂಭಿಸಬಹುದೆಂಬುದು ಆತನ ಲೆಕ್ಕ.

ಈ ಹಣ ಬಡವರಿಗೆ ಮಾತ್ರವಲ್ಲ, ಶ್ರೀಮಂತರಿಗೂ ಸಲ್ಲಬೇಕೆಂದು ಆತ ಬರೆದ. ಹಕ್ಕು ಎಂದ ಮೇಲೆ ಎಲ್ಲರಿಗೂ ಹಕ್ಕೇ. ಬೇಡವೆನ್ನುವವರು ನಿಧಿಗೆ ಹಿಂದಿರುಗಿಸಲಿ. ಬಡವನನ್ನು ಬಡವನೆಂದು ಗುರುತಿಸಿ ಬೇರೆ ನಿಲ್ಲಿಸುವ ಅವಮಾನ ಇದರಿಂದ ತಪ್ಪುತ್ತದೆ. ಐದು ವರ್ಷಗಳ ಹಿಂದೆ ಬಡವರಿಗಷ್ಟೇ ಎಂದಿದ್ದವನು ಇಲ್ಲಿ ಎಲ್ಲರಿಗೂ ಎಂಬಲ್ಲಿಗೆ ಬಂದದ್ದು ಗಮನಾರ್ಹ. ಫಲಾನುಭವಿಗಳ ಪಟ್ಟಿ ಸಿದ್ಧಪಡಿಸುವ ಕೆಲಸವನ್ನು ಹತ್ತಿರದಿಂದ ಬಲ್ಲವರಿಗೆ ಇದರ ತೂಕ ತಿಳಿಯುತ್ತದೆ. ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕಿದ ವಿಧವೆ ತಾನು ಬಡವಳೆಂಬುದಕ್ಕೆ ಆದಾಯ ಪ್ರಮಾಣಪತ್ರ ತರಬೇಕು, ಅದಕ್ಕೆ ಗ್ರಾಮ ಲೆಕ್ಕಾಧಿಕಾರಿಯ ವರದಿ ಬೇಕು, ಮಗ ದುಡಿಯುತ್ತಿದ್ದಾನೆಂದು ನೆರೆಯವರು ಹೇಳಿದರೆ ಅರ್ಜಿ ವಾಪಸ್ಸು. ಅನರ್ಹರು ಒಳನುಸುಳುವುದನ್ನು ತಡೆಯಲು ನಾವು ಪಡುವ ಶ್ರಮದ ಕಾಲುಭಾಗವನ್ನೂ ಅರ್ಹರು ಹೊರಗುಳಿಯುವುದನ್ನು ತಡೆಯಲು ಪಡುವುದಿಲ್ಲ.

ಹಾಗೆಂದು ಪೇನ್‌ನನ್ನು ಇಂದಿನ ಅರ್ಥದ ಸಾರ್ವತ್ರಿಕ ಮೂಲ ಆದಾಯದ ಪಿತಾಮಹನೆಂದು ಕರೆಯುವುದು ಅತಿಶಯೋಕ್ತಿಯಾದೀತು. ಇಪ್ಪತ್ತೊಂದರಿಂದ ಐವತ್ತರ ನಡುವಿನವರಿಗೆ ಆತನ ಯೋಜನೆಯಲ್ಲಿ ನಿಯತ ಆದಾಯವಿಲ್ಲ. ಅದೇ 1797ರಲ್ಲಿ ಥಾಮಸ್ ಸ್ಪೆನ್ಸ್ ಎಂಬ ಇಂಗ್ಲಿಷ್ ಲೇಖಕ ಇದನ್ನೇ ಹಿಡಿದು ಪೇನ್‌ನನ್ನು ಟೀಕಿಸಿದ. ನೆಲ ಎಲ್ಲರದೆಂದು ಒಪ್ಪಿದ ಮೇಲೆ ಹತ್ತರ ಒಂದು ಭಾಗಕ್ಕೆ ರಾಜಿಯಾಗುವುದೇಕೆ ಎಂಬುದು ಆತನ ತಕರಾರು; ಊರಿನ ಗೇಣಿಯಲ್ಲಿ ಸಾರ್ವಜನಿಕ ಖರ್ಚು ಕಳೆದು ಉಳಿದದ್ದನ್ನು ಹಸುಗೂಸಿನಿಂದ ಮುದುಕರವರೆಗೆ ಎಲ್ಲರಿಗೂ ಮೂರು ತಿಂಗಳಿಗೊಮ್ಮೆ ಸಮನಾಗಿ ಹಂಚಬೇಕೆಂದ. ಮೂಲ ಆದಾಯದ ಇಂದಿನ ಕಲ್ಪನೆಗೆ ಸ್ಪೆನ್ಸ್ ಹೆಚ್ಚು ಹತ್ತಿರದವನು. ಆದರೆ ಲೆಕ್ಕ ಪೇನ್‌ನದು ಗಟ್ಟಿ.

ಆ ಲೆಕ್ಕದಲ್ಲೂ ಒಂದು ದೊಡ್ಡ ಬಿರುಕಿದೆ. 10 ಪೌಂಡ್ ಎಂದು ಬರೆದು ಅಲ್ಲಿಗೆ ಬಿಟ್ಟ. ಧಾನ್ಯದ ಬೆಲೆ ಏರಿದರೆ ಅದೂ ಏರಬೇಕೆಂದು ಹೇಳಲಿಲ್ಲ. ಇಂಗ್ಲೆಂಡಿನಲ್ಲಿ 1795ರಲ್ಲೂ 1800ರಲ್ಲೂ ಗೋಧಿಯ ಬೆಲೆ ಆಕಾಶಕ್ಕೇರಿತ್ತು. ಇರಾನಿನ ಅನುಭವ ಇದಕ್ಕೆ ಹತ್ತಿರದ ನಿದರ್ಶನ. 2010ರ ಡಿಸೆಂಬರಿನಲ್ಲಿ ಇಂಧನ ಸಬ್ಸಿಡಿಯನ್ನು ಕಡಿತಗೊಳಿಸಿ ತಲಾ ತಿಂಗಳಿಗೆ 4,55,000 ರಿಯಾಲ್‌ನಂತೆ ಬಹುತೇಕ ಎಲ್ಲ ನಾಗರಿಕರಿಗೆ ಕೊಡಲಾರಂಭಿಸಿದಾಗ ಅದು ಬಡ ಮನೆಗಳಿಗೆ ದೊಡ್ಡ ಮೊತ್ತವಾಗಿತ್ತು. ಜನ ದುಡಿಮೆ ಬಿಟ್ಟು ಕೂತದ್ದು ಅಧ್ಯಯನಗಳಿಗೆ ಕಾಣಲಿಲ್ಲ. ಮೊತ್ತ ಬದಲಾಗದೆ ಉಳಿದು ಹಣದುಬ್ಬರ ಅದನ್ನು ವರ್ಷದಿಂದ ವರ್ಷಕ್ಕೆ ತಿಂದುಹಾಕಿತು. ಭಾರತದಲ್ಲಿ ಅರವತ್ತು ದಾಟಿದವರ ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು 2006ರಲ್ಲಿ 200 ರೂಪಾಯಿಗೆ ಏರಿತು. ಮುಂದಿನ ಒಂದೂವರೆ ದಶಕ ಅದು ಅಲ್ಲಿಯೇ ನಿಂತಿತ್ತು. ಪಡಿತರ ಅಕ್ಕಿಯನ್ನು ನಿಲ್ಲಿಸಿ ಅದರ ಬದಲು ನಗದು ಕೊಡೋಣವೆನ್ನುವವರ ಮಾತಿಗೆ ನಾನು ಒಪ್ಪದಿರುವುದು ಈ ಕಾರಣಕ್ಕೆ. ಅಕ್ಕಿಯ ತೂಕವನ್ನು ಹಣದುಬ್ಬರ ಇಳಿಸಲಾರದು.

ಸೋಮಾರಿತನದ ಆಕ್ಷೇಪಕ್ಕೆ ಇಲ್ಲಿಯೇ ಒಂದಿಷ್ಟು ಪುರಾವೆ ದೊರೆತಿದೆ. 2011-12ರಲ್ಲಿ ‘ಸೇವಾ’ ಮಹಿಳಾ ಸಂಘಟನೆ ಯುನಿಸೆಫ್ ನೆರವಿನಿಂದ ಮಧ್ಯಪ್ರದೇಶದ ಎಂಟು ಹಳ್ಳಿಗಳ ಎಲ್ಲರಿಗೂ, ವಯಸ್ಕರಿಗೆ ತಿಂಗಳಿಗೆ 200 ರೂಪಾಯಿ, ಮಕ್ಕಳಿಗೆ 100 ರೂಪಾಯಿ ಷರತ್ತಿಲ್ಲದೆ ಕೊಟ್ಟು ನೋಡಿತು. ಒಂದು ವರ್ಷದ ಬಳಿಕ ಅದು 300 ಮತ್ತು 150 ಆಯಿತು. ಜನ ಆಡು ಕೋಳಿ ಕೊಂಡರು, ಬೀಜ ಗೊಬ್ಬರಕ್ಕೆ ಹಾಕಿದರು, ಕೂಲಿ ಬಿಟ್ಟು ಸ್ವಂತ ಹೊಲದಲ್ಲಿ ಹೆಚ್ಚು ದುಡಿದರು. ಪೇನ್ ಹಸುವಿನ ಮಾತೆತ್ತಿದ್ದು ಲಂಡನ್ನಿನ ಯಾವ ಪ್ರಯೋಗವನ್ನೂ ನೋಡಿ ಅಲ್ಲ.

ಭಾರತಕ್ಕೆ ಪೇನ್‌ನ ನಂಟು ಇನ್ನೊಂದು ದಾರಿಯಿಂದಲೂ ಇದೆ. ಅಮೆರಿಕದ ಯುದ್ಧವನ್ನು 1781ರಲ್ಲಿ ಯಾರ್ಕ್‌ಟೌನಿನಲ್ಲಿ ಸೋತು ಶರಣಾದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್. ಅದೇ ಕಾರ್ನ್‌ವಾಲಿಸ್ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದು, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನು ಒತ್ತೆಯಾಳುಗಳಾಗಿಯೂ ಪಡೆದ. ಮರುವರ್ಷ ಬಂಗಾಳದಲ್ಲಿ ಖಾಯಂ ಜಮೀನ್ದಾರಿ ಪದ್ಧತಿಯನ್ನು ಜಾರಿಗೊಳಿಸಿದ. ಕಂದಾಯ ವಸೂಲಿದಾರರು ನೆಲದ ಒಡೆಯರಾದರು, ಉಳುವವನು ಅವರ ಒಕ್ಕಲಾದ. ನೆಲದ ಒಡೆತನ ಸಮುದಾಯದ ಸಾಲವೆಂದು ಪೇನ್ ಪ್ಯಾರಿಸಿನಲ್ಲಿ ಬರೆಯಲು ಕೂರುವುದಕ್ಕೆ ಕೇವಲ ಎರಡು ಮೂರು ವರ್ಷ ಮೊದಲು ಭಾರತದಲ್ಲಿ ನಡೆದದ್ದು ಇದು. ಅರ್ಧ ಶತಮಾನದ ಬಳಿಕ, 1847ರಲ್ಲಿ, ಪುಣೆಯ ಇಪ್ಪತ್ತರ ಯುವಕ ಜೋತಿರಾವ್ ಫುಲೆಯವರ ಕೈಗೆ ‘ರೈಟ್ಸ್ ಆಫ್ ಮ್ಯಾನ್’ ಸಿಕ್ಕಿತು. ಅವರ ವಿಚಾರದ ಮೇಲೆ ಆ ಗ್ರಂಥ ಬೀರಿದ ಪ್ರಭಾವವನ್ನು ಅವರ ಜೀವನಚರಿತ್ರೆಕಾರರೆಲ್ಲ ಗುರುತಿಸಿದ್ದಾರೆ.

ಸ್ವಾತಂತ್ರ್ಯದ ನಂತರ ನಾವು ಜಮೀನ್ದಾರಿಯನ್ನು ತೆಗೆದೆವು. ಕರ್ನಾಟಕದಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿದಾರ ನೆಲದ ಒಡೆಯನಾದ. ದೇಶದಲ್ಲಿ ಅಪರೂಪವೆನ್ನಬಹುದಾದ ಸಾಧನೆಯದು. ಆದರೆ ಗೇಣಿಯನ್ನೂ ಹಿಡಿದಿರದ ಕೂಲಿಯವನಿಗೆ, ಅವನಲ್ಲೂ ಹೆಚ್ಚಿನವನಾದ ದಲಿತನಿಗೆ, ಆ ಕಾನೂನಿನಿಂದ ದಕ್ಕಿದ್ದು ಕಡಿಮೆ. ನೆಲ ಹಂಚಿಕೆ ಮುಗಿದ ಮೇಲೆ ಹುಟ್ಟಿದ ಅವನ ಮೊಮ್ಮಕ್ಕಳಿಗೆ ದಕ್ಕುವ ಸಂಭವವೂ ಇಲ್ಲ. ಪೇನ್ ಯೋಚಿಸಿದ್ದು ಇಂಥವರ ಬಗ್ಗೆ. ನಾವು ಮಾಡುತ್ತಿರುವುದೇನು? 2018ರಲ್ಲಿ ತೆಲಂಗಾಣ ರೈತಬಂಧು ಯೋಜನೆಯಡಿ ಎಕರೆಗೆ ಹಂಗಾಮಿಗೆ 4,000 ರೂಪಾಯಿ ಕೊಟ್ಟಿತು. ಹೆಚ್ಚು ಎಕರೆ ಇದ್ದವನಿಗೆ ಹೆಚ್ಚು ಹಣ, ಗೇಣಿಗೆ ಉಳುವವನಿಗೆ ಏನೂ ಇಲ್ಲ. 2019ರಲ್ಲಿ ಬಂದ ಕೇಂದ್ರದ ಪಿಎಂ-ಕಿಸಾನ್ ಯೋಜನೆಯ 6,000 ರೂಪಾಯಿಯೂ ಪಹಣಿಯಲ್ಲಿ ಹೆಸರಿದ್ದ ಕುಟುಂಬಕ್ಕೆ. ಒಡಿಶಾದ ಕಾಲಿಯಾ ಯೋಜನೆ ಭೂರಹಿತರನ್ನೂ ಸೇರಿಸಿಕೊಂಡದ್ದು ಅಪವಾದ. ನೆಲವಿದ್ದವನು ನೆಲವಿಲ್ಲದವನಿಗೆ ಕೊಡಬೇಕೆಂದ ಪೇನ್‌ನ ಸೂತ್ರವನ್ನು ನಾವು ತಿರುವಿ ಹಾಕಿದ್ದೇವೆ. ಸಣ್ಣ ರೈತನ ಸಂಕಟ ನಿಜವಾದದ್ದು, ಅವನಿಗೆ ನೆರವು ಬೇಕು; ಆದರೆ ಪಹಣಿಯನ್ನೇ ಅರ್ಹತೆಯ ಚೀಟಿಯಾಗಿಸಿದರೆ ಅವನ ಹೊಲದಲ್ಲಿ ಕಳೆ ಕೀಳುವವಳು ಮೊದಲ ಮೆಟ್ಟಿಲಲ್ಲೇ ಹೊರಗುಳಿಯುತ್ತಾಳೆ.

ಪೇನ್ ತೋರಿಸಿದ ಆದಾಯದ ಮೂಲವೂ ಈಗ ನಮ್ಮಲ್ಲಿಲ್ಲ. 1953ರಲ್ಲಿ ಎಸ್ಟೇಟ್ ಡ್ಯೂಟಿ ಎಂಬ ಮರಣಾನಂತರದ ಆಸ್ತಿ ತೆರಿಗೆಯನ್ನು ತಂದಿದ್ದೆವು. ದರ ಶೇ 85ರವರೆಗೂ ಏರಿತ್ತು. ಅವಿಭಕ್ತ ಕುಟುಂಬ, ಟ್ರಸ್ಟು, ಕಡಿಮೆ ಮೌಲ್ಯ ತೋರಿಸುವ ನೋಂದಣಿ ಮುಂತಾದ ಕಿಂಡಿಗಳೂ ಅಷ್ಟೇ ದೊಡ್ಡದಾಗಿದ್ದವು. ವರ್ಷಕ್ಕೆ ಬರುತ್ತಿದ್ದದ್ದು ಸುಮಾರು 20 ಕೋಟಿ ರೂಪಾಯಿ. 1985ರಲ್ಲಿ ಅದನ್ನು ರದ್ದುಪಡಿಸಿದರು. ಸಂಪತ್ತಿನ ತೆರಿಗೆಯೂ 2015ರ ಬಜೆಟ್‌ನೊಂದಿಗೆ ಹೋಯಿತು. ಕಿಂಡಿಗಳಿಲ್ಲದ ಶೇ 10 ದರ, ಕಿಂಡಿಗಳೇ ತುಂಬಿದ ಶೇ 85ಕ್ಕಿಂತ ಹೆಚ್ಚು ತರುತ್ತದೆಂಬುದು ಪೇನ್‌ನ ಲೆಕ್ಕವನ್ನು ಓದಿದವರಿಗೆ ಹೊಳೆಯಬೇಕಾದ ಸಂಗತಿ. ಅದು ರಾಜಕೀಯವಾಗಿ ಅಸಾಧ್ಯವೆನ್ನುವುದಾದರೆ ಗಣಿಗಳಿವೆ. ಗೋವಾದ ಕಬ್ಬಿಣದ ಅದಿರಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2014ರ ಏಪ್ರಿಲ್‌ನಲ್ಲಿ, ಮಾರಾಟದ ಮೊತ್ತದ ಶೇ 10ನ್ನು ಮುಂದಿನ ತಲೆಮಾರುಗಳಿಗಾಗಿ ಶಾಶ್ವತ ನಿಧಿಯಲ್ಲಿಡಬೇಕೆಂದು ಆದೇಶಿಸಿತು. ಅಲಾಸ್ಕಾ ಇಂಥ ತೈಲ ನಿಧಿಯಿಂದ 1982ರಿಂದ ಪ್ರತಿ ನಿವಾಸಿಗೂ ವಾರ್ಷಿಕ ಲಾಭಾಂಶ ಹಂಚುತ್ತ ಬಂದಿದೆ. ಅದನ್ನು ಅಲ್ಲಿ ಯಾರೂ ಬಿಟ್ಟಿ ಭಾಗ್ಯವೆಂದು ಕರೆಯುವುದಿಲ್ಲ. ಬಳ್ಳಾರಿಯ ಬೆಟ್ಟಗಳು ಹಡಗು ಹತ್ತಿ ಹೋದ ವರ್ಷಗಳಲ್ಲಿ ಕರ್ನಾಟಕಕ್ಕೆ ಇಂಥದ್ದೊಂದು ನಿಧಿ ಇದ್ದಿದ್ದರೆ ಇಂದು ಖಜಾನೆ ಬರಿದಾಗುತ್ತದೆಂಬ ಮಾತಿನ ಧಾಟಿಯೇ ಬೇರೆಯಾಗಿರುತ್ತಿತ್ತು.

ಪ್ಯಾರಿಸಿನಲ್ಲಿ ಪೇನ್‌ನ ಯೋಜನೆಯನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ. 1802ರಲ್ಲಿ ಅಧ್ಯಕ್ಷ ಜೆಫರ್ಸನ್ನನ ಆಹ್ವಾನದ ಮೇಲೆ ಅಮೆರಿಕಕ್ಕೆ ಮರಳಿದ. ಸಾಂಸ್ಥಿಕ ಧರ್ಮವನ್ನು ಟೀಕಿಸಿದ ‘ಏಜ್ ಆಫ್ ರೀಸನ್’ ಅಷ್ಟರಲ್ಲಿ ಆತನನ್ನು ನಾಸ್ತಿಕನೆಂದು ಕುಖ್ಯಾತಗೊಳಿಸಿತ್ತು. ಆತನಿಗೆ ದೇವರಲ್ಲಿ ನಂಬಿಕೆಯಿದ್ದುದನ್ನು ಗಮನಿಸುವ ತಾಳ್ಮೆ ಯಾರಿಗೂ ಇರಲಿಲ್ಲ. 1806ರಲ್ಲಿ ನ್ಯೂ ರೊಶೆಲ್‌ನ ಚುನಾವಣಾ ಅಧಿಕಾರಿಗಳು ಆತ ಅಮೆರಿಕದ ಪ್ರಜೆಯೇ ಅಲ್ಲವೆಂದು ಮತ ಹಾಕಲು ಬಿಡಲಿಲ್ಲ. 1809ರ ಜೂನ್ 8ರಂದು ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿ ತೀರಿಕೊಂಡ. ಕ್ವೇಕರರು ತಮ್ಮ ಸ್ಮಶಾನದಲ್ಲಿ ಜಾಗ ಕೊಡಲಿಲ್ಲವಾದ್ದರಿಂದ ಸ್ವಂತ ಜಮೀನಿನಲ್ಲೇ ಹೂಳಿದರು. ಜೊತೆಗೆ ಬಂದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಹತ್ತು ವರ್ಷಗಳ ಬಳಿಕ ವಿಲಿಯಂ ಕಾಬೆಟ್ ಎಂಬ ಇಂಗ್ಲಿಷ್ ಪತ್ರಕರ್ತ, ತಾಯ್ನಾಡಿನಲ್ಲಿ ಸ್ಮಾರಕ ಕಟ್ಟಿಸುವೆನೆಂದು ಮೂಳೆಗಳನ್ನು ಅಗೆದು ಹಡಗಿನಲ್ಲಿ ಒಯ್ದ. ಸ್ಮಾರಕಕ್ಕೆ ಹಣ ಕೂಡಲಿಲ್ಲ. ಕಾಬೆಟ್ ಸತ್ತ ಮೇಲೆ ಆ ಮೂಳೆಗಳು ಎಲ್ಲಿ ಹೋದವೋ ತಿಳಿಯಲಿಲ್ಲ.

ನ್ಯೂ ರೊಶೆಲ್‌ನ ಜಮೀನಿನ ಬಗ್ಗೆ ಪೇನ್ ಉಯಿಲು ಬರೆದಿಟ್ಟಿದ್ದ. ಮಕ್ಕಳಿರಲಿಲ್ಲ. ಪ್ಯಾರಿಸಿನಲ್ಲಿ ತನಗೆ ಆಶ್ರಯವಿತ್ತಿದ್ದ ಬಾನ್‌ವಿಲ್ ಕುಟುಂಬಕ್ಕೆ, ಮುಖ್ಯವಾಗಿ ಅವರ ಮಕ್ಕಳ ವಿದ್ಯಾಭ್ಯಾಸಕ್ಕೆಂದು, ಅದರ ಬಹುಪಾಲನ್ನು ಬಿಟ್ಟ. ರಕ್ತಸಂಬಂಧವಿಲ್ಲದವರಿಗೆ ಹೋಗುವ ಆಸ್ತಿಯ ಮೇಲೆ ಆತನದೇ ಪಟ್ಟಿಯ ಪ್ರಕಾರ ಐದರಲ್ಲಿ ಒಂದು ಪಾಲು ರಾಷ್ಟ್ರೀಯ ನಿಧಿಗೆ ಸೇರಬೇಕಿತ್ತು. ಅಂಥ ನಿಧಿಯೊಂದು ಆಗ ಯಾವ ದೇಶದಲ್ಲೂ ಇರಲಿಲ್ಲವಾಗಿ ಜಮೀನು ಪೂರ್ತಿಯಾಗಿ ವಾರಸುದಾರರ ಕೈಸೇರಿತು.